ಕರ್ನಾಟಕದಲ್ಲಿ ವಕೀಲರಾಗುವುದು ಹೇಗೆ: ಪಿಯುಸಿಯಿಂದ ಸ್ವಂತ ವಕಾಲತ್ತಿನವರೆಗೆ

ವಕೀಲರಾಗಲು ಎಷ್ಟು ವರ್ಷ ಬೇಕು ಅಂತ ಯಾರನ್ನೇ ಕೇಳಿ, ಪಿಯುಸಿ ಆದಮೇಲೆ ಐದು, ಡಿಗ್ರಿ ಆದಮೇಲೆ ಮೂರು ಅಂತಾರೆ. ಅದು ಕಾಲೇಜಿನ ಲೆಕ್ಕ ಮಾತ್ರ. ಅದರ ಮೇಲೆ ವಕೀಲರ ಪರಿಷತ್ತಿನಲ್ಲಿ ನೋಂದಣಿಗೆ ಕೆಲವು ತಿಂಗಳು ಹೋಗುತ್ತದೆ. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ಆಮೇಲೆ ಸೀನಿಯರ್ ಒಬ್ಬರ ಆಫೀಸಿನಲ್ಲಿ ಎರಡು ಮೂರು ವರ್ಷ, ಅದೂ ಕೈಗೆ ಅಷ್ಟಕ್ಕಷ್ಟೇ ದುಡ್ಡು ಬರುವ ವರ್ಷಗಳು. ಪದವಿಗೆ ಎಲ್ಲರೂ ತಯಾರಾಗಿ ಬರುತ್ತಾರೆ. ಈ ಕೊನೆಯ ಭಾಗಕ್ಕೆ ತಯಾರಾಗಿ ಬರುವವರು ಕಡಿಮೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ದಾರಿಯಲ್ಲಿ ಪ್ರತಿ ಹಂತದಲ್ಲೂ ಹಿಂದಿನ ಹಂತದ ಕಾಗದ ಕೇಳುತ್ತಾರೆ. ನೋಂದಣಿ ಹೊತ್ತಿಗೆ ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿನವರೆಗೂ ಹೋಗುತ್ತಾರೆ. ಹಾಗಾಗಿ ಸೇರುವ ದಿನವೇ ನೋಂದಣಿಯ ದಿನವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ನೀವು ಅರ್ಹರೇ?

ಎಲ್ಲದಕ್ಕೂ ಮೂಲ 1961ರ ವಕೀಲರ ಕಾಯ್ದೆ. ಅದರ 24ನೇ ಕಲಂ ಕೇಳುವುದು ಮುಖ್ಯವಾಗಿ ಮೂರು: ಭಾರತದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು, ಭಾರತೀಯ ವಕೀಲರ ಪರಿಷತ್ತು ಮಾನ್ಯ ಮಾಡಿದ ಕಾನೂನು ಪದವಿ ಇರಬೇಕು. ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆಯಾಗಿದ್ದರೆ 24ಎ ಕಲಂ ಅಡ್ಡ ಬರುತ್ತದೆ. ಬಿಡುಗಡೆಯಾಗಿ ಎರಡು ವರ್ಷ ಕಳೆದಮೇಲೆ ಆ ಅಡ್ಡಿ ಹೋಗುತ್ತದೆ.

ಕಾಲೇಜಿಗೆ ಸೇರಲು ಬೇಕಾದ ಅಂಕಗಳನ್ನು 2008ರ ಕಾನೂನು ಶಿಕ್ಷಣ ನಿಯಮಗಳು ಹೇಳುತ್ತವೆ. ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಗಳಿಗೆ ಶೇ. 42, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಶೇ. 40. ಐದು ವರ್ಷದ ಕೋರ್ಸಿಗಾದರೆ ಪಿಯುಸಿ ಅಂಕ, ಮೂರು ವರ್ಷದ್ದಕ್ಕಾದರೆ ಡಿಗ್ರಿ ಅಂಕ ನೋಡುತ್ತಾರೆ. ಸೈನ್ಸ್, ಕಾಮರ್ಸ್, ಆರ್ಟ್ಸ್ ಯಾವುದಾದರೂ ಸರಿ. ಎಂಜಿನಿಯರಿಂಗ್ ಮುಗಿಸಿ ಬಂದವರೂ ಕೋರ್ಟಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಇಲ್ಲಿ ತುಂಬಾ ಜನ ಎಡವುವ ಜಾಗ ಮುಕ್ತ ವಿಶ್ವವಿದ್ಯಾಲಯದ್ದು. ದೂರಶಿಕ್ಷಣದಲ್ಲಿ ಬಿಎ ಮಾಡಿದ್ದರೆ ತೊಂದರೆಯಿಲ್ಲ, ಆದರೆ ಅದಕ್ಕೆ ಮುಂಚೆ ಎಸ್ಸೆಸ್ಸೆಲ್ಸಿ, ಪಿಯುಸಿ ಕ್ರಮವಾಗಿ ಆಗಿರಬೇಕು. ಪಿಯುಸಿ ಇಲ್ಲದೆ ನೇರವಾಗಿ ಮುಕ್ತ ವಿವಿಯಲ್ಲಿ ಡಿಗ್ರಿ ಪಡೆದವರಿಗೆ ಕಾನೂನು ಕೋರ್ಸಿಗೆ ಅವಕಾಶವಿಲ್ಲ. ಕಾಲೇಜಿನವರು ಕಣ್ಣುಮುಚ್ಚಿ ಸೇರಿಸಿಕೊಂಡರೂ ಮೂರು ವರ್ಷದ ನಂತರ ನೋಂದಣಿಯಲ್ಲಿ ಸಿಕ್ಕಿಬೀಳುತ್ತೀರಿ.

ಐದು ವರ್ಷವೋ, ಮೂರು ವರ್ಷವೋ?

ವಕೀಲರಾಗಬೇಕು ಅಂತ ಪಿಯುಸಿಯಲ್ಲೇ ಗಟ್ಟಿಯಾಗಿದ್ದರೆ ಐದು ವರ್ಷದ್ದು ಲಾಭ. ಬಿಎ ಎಲ್ಎಲ್‌ಬಿ, ಬಿಬಿಎ ಎಲ್ಎಲ್‌ಬಿ, ಬಿಕಾಂ ಎಲ್ಎಲ್‌ಬಿ ಹೀಗೆ ಬೇರೆ ಬೇರೆ ಇವೆ. ಒಂದು ವರ್ಷ ಉಳಿಯುತ್ತದೆ. ಆದರೆ ಒಂದು ಷರತ್ತು ತಿಳಿದಿರಲಿ: ಮಧ್ಯದಲ್ಲಿ ಬಿಟ್ಟರೆ ಕೈಗೆ ಏನೂ ಬರುವುದಿಲ್ಲ. ಮೂರು ವರ್ಷ ಓದಿದ್ದೇನೆ, ಬಿಎ ಕೊಡಿ ಎಂದರೆ ಕೊಡುವುದಿಲ್ಲ. ಮಧ್ಯದಲ್ಲಿ ಬಂದು ಸೇರುವುದಕ್ಕೂ ನಿಯಮದಲ್ಲಿ ಜಾಗವಿಲ್ಲ.

ಮನಸ್ಸು ಇನ್ನೂ ಓಲಾಡುತ್ತಿದ್ದರೆ ಮೊದಲು ಒಂದು ಡಿಗ್ರಿ ಮಾಡಿ, ಆಮೇಲೆ ಮೂರು ವರ್ಷದ ಎಲ್ಎಲ್‌ಬಿಗೆ ಬನ್ನಿ. ನನ್ನ ಅಭಿಪ್ರಾಯ ಕೇಳಿದರೆ, ಜಿಲ್ಲಾ ಕೋರ್ಟಿನಲ್ಲಿ ಕೆಲಸ ಮಾಡುವವರಿಗೆ ಎರಡರ ನಡುವೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಯಾವ ಕೋರ್ಸು ಅಂತ ಕಕ್ಷಿದಾರರೂ ಕೇಳುವುದಿಲ್ಲ, ನ್ಯಾಯಾಧೀಶರೂ ಕೇಳುವುದಿಲ್ಲ.

ಕಾಲೇಜು ಹುಡುಕುವುದು

ರಾಜ್ಯದ ಬಹುತೇಕ ಕಾನೂನು ಕಾಲೇಜುಗಳು ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ಅದು ಶುರುವಾಗಿದ್ದು 2009ರಲ್ಲಿ. ಬೆಳಗಾವಿಯ ರಾಜಾ ಲಖಮಗೌಡ ಕಾಲೇಜು, ಉಡುಪಿಯ ವೈಕುಂಠ ಬಾಳಿಗಾ ಕಾಲೇಜು, ಮಂಗಳೂರಿನ ಎಸ್‌ಡಿಎಂ, ಮೈಸೂರಿನ ಜೆಎಸ್ಎಸ್ ಮತ್ತು ವಿದ್ಯಾವರ್ಧಕ, ಕಲಬುರಗಿಯ ಸೇಠ್ ಶಂಕರಲಾಲ್ ಲಾಹೋಟಿ ಕಾಲೇಜು, ಇವೆಲ್ಲ ಊರಿನ ವಕೀಲರ ಬಾಯಲ್ಲಿ ಕೇಳುವ ಹೆಸರುಗಳು. ಸರ್ಕಾರಿ ಕಾನೂನು ಕಾಲೇಜುಗಳೂ ಇವೆ, ಅಲ್ಲಿ ಫೀಸು ಕಡಿಮೆ.

ಕಾನೂನು ವಿವಿಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಹಳ್ಳಿಯಿಂದ ಬಂದು ಇಂಗ್ಲಿಷಿಗೆ ಹೆದರಿ ಕಾನೂನು ಬಿಟ್ಟವರನ್ನು ನೋಡಿದರೆ ಬೇಜಾರಾಗುತ್ತದೆ. ಕೆಳಹಂತದ ನ್ಯಾಯಾಲಯಗಳಲ್ಲಿ ಕನ್ನಡದಲ್ಲೇ ಸಾಕ್ಷಿ ವಿಚಾರಣೆ, ಕನ್ನಡದಲ್ಲೇ ವಾದ ನಡೆಯುತ್ತದೆ. ಹಾಗಂತ ಇಂಗ್ಲಿಷ್ ಬೇಡವೇ ಬೇಡ ಅಂದುಕೊಳ್ಳಬೇಡಿ. ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ. ತೀರ್ಪುಗಳನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟಾದರೂ ಬರಲೇಬೇಕು. ಪರೀಕ್ಷೆ ಕನ್ನಡದಲ್ಲಿ ಬರೆಯಿರಿ, ಓದುವಾಗ ಕಾಯ್ದೆಯ ಇಂಗ್ಲಿಷ್ ಪಠ್ಯವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಐದಾರು ಸೆಮಿಸ್ಟರ್‌ನಲ್ಲಿ ಅದು ತಾನಾಗಿ ಹಿಡಿತಕ್ಕೆ ಬರುತ್ತದೆ.

ರಾಷ್ಟ್ರೀಯ ಕಾನೂನು ಶಾಲೆಗಳ ದಾರಿಯೇ ಬೇರೆ. ಬೆಂಗಳೂರಿನ ನಾಗರಭಾವಿಯಲ್ಲಿರುವ ಸಂಸ್ಥೆ ಇವುಗಳಲ್ಲಿ ಮೊದಲನೆಯದು. ಐದು ವರ್ಷದ ಕೋರ್ಸಿಗೆ ಕ್ಲಾಟ್ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. 120 ಪ್ರಶ್ನೆ, ಎರಡು ಗಂಟೆ, ತಪ್ಪಿಗೆ ಕಾಲು ಅಂಕ ಕಟ್. ಸಾಮಾನ್ಯವಾಗಿ ಡಿಸೆಂಬರಿನಲ್ಲಿ ನಡೆಯುತ್ತದೆ. ಅಂದರೆ ದ್ವಿತೀಯ ಪಿಯುಸಿ ಬೋರ್ಡ್ ಪರೀಕ್ಷೆಗೆ ಮುಂಚೆಯೇ. ಮಾರ್ಚಿನಲ್ಲಿ ನೋಡೋಣ ಅಂತ ಕೂತರೆ ಆ ವರ್ಷ ಹೋಯಿತು. ಅದೇ ಸಂಸ್ಥೆ 2022ರಿಂದ ಮೂರು ವರ್ಷದ ಎಲ್ಎಲ್‌ಬಿಯನ್ನೂ ನಡೆಸುತ್ತಿದೆ, ಅದಕ್ಕೆ ಅವರದ್ದೇ ಪ್ರವೇಶ ಪರೀಕ್ಷೆ. ದೊಡ್ಡ ಕಂಪನಿ, ದೊಡ್ಡ ಲಾ ಫರ್ಮ್ ಮನಸ್ಸಿನಲ್ಲಿದ್ದರೆ ಈ ಹೆಸರಿಗೆ ಬೆಲೆ ಇದೆ. ಊರಿನ ಕೋರ್ಟಿನಲ್ಲಿ ವಕೀಲಿಕೆ ಮಾಡುವುದಾದರೆ ಅಷ್ಟೊಂದು ಸಾಲ ಮಾಡುವ ಮುಂಚೆ ಎರಡು ಸಲ ಯೋಚಿಸಿ.

ಯಾವ ಕಾಲೇಜೇ ಆಗಲಿ, ದುಡ್ಡು ಕಟ್ಟುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಭಾರತೀಯ ವಕೀಲರ ಪರಿಷತ್ತಿನ ಮಾನ್ಯತೆ ಈ ಸಾಲಿಗೂ ಇದೆಯೇ, ಮತ್ತು ನೀವು ಸೇರುವ ಕೋರ್ಸಿಗೇ ಇದೆಯೇ. ಕಾಲೇಜಿಗೆ ಮಾನ್ಯತೆ ಇದ್ದು ಕೋರ್ಸಿಗೆ ಇಲ್ಲದಿರಬಹುದು. ಇನ್ನು, ಕಾಲೇಜು ಕೋರ್ಟಿಗೆ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಹೆಸರಿಗಿಂತ ಇದನ್ನೇ ಜಾಸ್ತಿ ನೋಡಿ ಅಂತ ನಾನು ಹೇಳುವುದು.

ಹಾಜರಿ ಮತ್ತು ಎರಡು ದೋಣಿಯ ಕಾಲು

ಕಾನೂನು ಪದವಿ ರೆಗ್ಯುಲರ್ ಕೋರ್ಸ್. ದೂರಶಿಕ್ಷಣದ ಎಲ್ಎಲ್‌ಬಿಗೆ ನೋಂದಣಿ ಇಲ್ಲ. ‘ಕಾಲೇಜಿಗೆ ಬರದಿದ್ದರೂ ನಡೆಯುತ್ತೆ’ ಅನ್ನುವ ಏಜೆಂಟರ ಮಾತು ಕೇಳಬೇಡಿ. 2008ರ ನಿಯಮದಲ್ಲಿ ಪ್ರತಿ ವಿಷಯಕ್ಕೆ ಶೇ. 70 ಹಾಜರಿ ಎಂದಿದೆ. 2024ರ ಸೆಪ್ಟೆಂಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಒಂದು ಸುತ್ತೋಲೆ ಹೊರಡಿಸಿತು. ವಿದ್ಯಾರ್ಥಿಗಳು ತಮ್ಮ ಮೇಲೆ ಕ್ರಿಮಿನಲ್ ಕೇಸಿದೆಯೇ, ಜೊತೆಗೆ ಬೇರೆ ಪದವಿ ಓದುತ್ತಿದ್ದಾರೆಯೇ, ಕೆಲಸದಲ್ಲಿದ್ದಾರೆಯೇ ಎಂಬುದನ್ನು ಘೋಷಿಸಬೇಕು, ಬಯೋಮೆಟ್ರಿಕ್ ಹಾಜರಿ ಇಡಬೇಕು ಎಂದು ಕಾಲೇಜುಗಳಿಗೆ ಹೇಳಿತು.

ಒಟ್ಟಿಗೆ ಎರಡು ರೆಗ್ಯುಲರ್ ಪದವಿ ಓದುವಂತಿಲ್ಲ. ಎಲ್ಎಲ್‌ಬಿ ಜೊತೆಗೆ ಎಂಎ ಮಾಡಿಕೊಂಡರೆ ಎರಡು ಕೆಲಸ ಒಟ್ಟಿಗೆ ಆಯ್ತಲ್ಲ ಅಂತ ಅನ್ನಿಸುವುದು ಸಹಜ. ಆಮೇಲೆ ಎರಡೂ ಅಂಕಪಟ್ಟಿಯ ಇಸವಿ ಒಂದೇ ಎಂದು ನೋಂದಣಿಯಲ್ಲಿ ಪ್ರಶ್ನೆ ಏಳುತ್ತದೆ. ಭಾಷೆ, ಕಂಪ್ಯೂಟರಿನ ಚಿಕ್ಕ ಅರೆಕಾಲಿಕ ಸರ್ಟಿಫಿಕೇಟ್ ಕೋರ್ಸಿಗೆ ಮತ್ತು ವಿವಿಗಳ ದೂರಶಿಕ್ಷಣದ ಕೋರ್ಸಿಗೆ ಮಾತ್ರ ನಿಯಮದಲ್ಲಿ ವಿನಾಯಿತಿ ಇದೆ.

ಕೆಲಸದಲ್ಲಿದ್ದು ಓದುವವರು ತಮ್ಮ ಕಚೇರಿಯಿಂದ ಬರವಣಿಗೆಯಲ್ಲಿ ಅನುಮತಿ ಪಡೆದಿಟ್ಟುಕೊಳ್ಳಿ. ಹಾಜರಿ ಪುಸ್ತಕ ಆಫೀಸಿನಲ್ಲೂ ಕಾಲೇಜಿನಲ್ಲೂ ಒಂದೇ ಹೊತ್ತಿಗೆ ತುಂಬಿದ್ದರೆ ಮುಂದೆ ಅದಕ್ಕೆ ಉತ್ತರ ಕೊಡುವುದು ಕಷ್ಟ.

ಓದುವ ವರ್ಷಗಳಲ್ಲಿ ಏನು ಮಾಡಬೇಕು

ಸಂವಿಧಾನ, ಕರಾರು, ಅಪಕೃತ್ಯ (ಟಾರ್ಟ್), ಕುಟುಂಬ ಕಾನೂನು, ಆಸ್ತಿ ವರ್ಗಾವಣೆ, ಸಿವಿಲ್ ಪ್ರಕ್ರಿಯಾ ಸಂಹಿತೆ ಎಲ್ಲ ಬರುತ್ತವೆ. ಕ್ರಿಮಿನಲ್ ಕಾನೂನಿನಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿವೆ. ಹಳೆ ಪುಸ್ತಕ ಅಗ್ಗಕ್ಕೆ ಸಿಕ್ಕಿತು ಅಂತ ಅದನ್ನೇ ನಂಬಬೇಡಿ. ಆದರೆ ಬಿಸಾಡಲೂಬೇಡಿ. ಆ ತಾರೀಕಿಗೆ ಮುಂಚಿನ ಅಪರಾಧಗಳಿಗೆ ಹಳೆ ದಂಡ ಸಂಹಿತೆಯೇ ಅನ್ವಯ, ಅಂಥ ಕೇಸುಗಳು ಕೋರ್ಟಿನಲ್ಲಿ ಇನ್ನೂ ಬಹಳ ವರ್ಷ ನಡೆಯುತ್ತವೆ. ಹೊಸ ತಲೆಮಾರಿನ ವಕೀಲರು ಎರಡೂ ಕಲಂ ನಂಬರ್ ಬಾಯಿಪಾಠ ಮಾಡಬೇಕಾದ ಗ್ರಹಚಾರ!

ಪ್ರಾಯೋಗಿಕ ಪತ್ರಿಕೆಗಳು ನಾಲ್ಕು: ಕರಡು ಮತ್ತು ದಸ್ತಾವೇಜು ಬರವಣಿಗೆ, ವೃತ್ತಿ ನೀತಿ, ಪರ್ಯಾಯ ವ್ಯಾಜ್ಯ ಪರಿಹಾರ, ಅಣಕು ನ್ಯಾಯಾಲಯ ಮತ್ತು ಇಂಟರ್ನ್‌ಶಿಪ್. ಹುಡುಗರು ಇವನ್ನು ಸುಲಭದ ಅಂಕ ಅಂದುಕೊಂಡು ಗೆಳೆಯನ ರೆಕಾರ್ಡ್ ಪುಸ್ತಕ ನೋಡಿ ಬರೆದುಬಿಡುತ್ತಾರೆ. ಕೋರ್ಟಿಗೆ ಬಂದ ಮೊದಲ ವಾರ ಬೇಕಾಗುವುದು ಇದೇ ನಾಲ್ಕು. ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆಯನ್ನು ಕೋರ್ಟಿನಲ್ಲಿ ಕೂತು ನೋಡಿ ಬರೆಯಬೇಕು ಎಂದಿದೆ. ನಿಜವಾಗಿ ಹೋಗಿ ಕೂತುಕೊಳ್ಳಿ. ಪಾಟಿ ಸವಾಲು, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು, ನಿಜವಾಗಿ ಹೇಗಿರುತ್ತದೆ ಅಂತ ಆಗ ತಿಳಿಯುತ್ತದೆ. ಸಿನಿಮಾದಲ್ಲಿ ನೋಡಿದ ಕೂಗಾಟ ಅಲ್ಲಿ ಕಾಣುವುದಿಲ್ಲ. ಮೆತ್ತಗೆ ಹತ್ತು ಪ್ರಶ್ನೆ ಕೇಳಿ ಹನ್ನೊಂದನೆಯದನ್ನು ಕೇಳದೆ ಕೂತುಬಿಡುವವರೇ ಒಳ್ಳೆಯ ವಕೀಲರು.

ಇಂಟರ್ನ್‌ಶಿಪ್ ಮೂರು ವರ್ಷದ ಕೋರ್ಸಿಗೆ ಒಟ್ಟು 12 ವಾರ, ಐದು ವರ್ಷದ್ದಕ್ಕೆ 20 ವಾರ. ಒಂದು ಸಲವಾದರೂ ತಾಲ್ಲೂಕು ಕೋರ್ಟಿನ ವಕೀಲರ ಆಫೀಸಿನಲ್ಲಿ ಮಾಡಿ. ದಾವೆ ಹುಟ್ಟುವುದು ಅಲ್ಲಿ. ಪಹಣಿ ಓದುವುದು, ಮ್ಯುಟೇಶನ್ ರಿಜಿಸ್ಟರ್ ಹುಡುಕುವುದು, ಸರ್ವೆ ಸ್ಕೆಚ್ಚಿನಲ್ಲಿ ಚೆಕ್ಕುಬಂದಿ ಹೊಂದಿಸುವುದು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ನಮ್ಮ ಕಡೆಯ ಸಿವಿಲ್ ಕೇಸುಗಳಲ್ಲಿ ಅರ್ಧಕ್ಕರ್ಧ ಗಲಾಟೆ ಅಣ್ಣತಮ್ಮಂದಿರ ಪಾಲಿನದು ಅಥವಾ ಬದುವಿನದು. ಪಹಣಿಯ ಒಂಬತ್ತನೇ ಕಾಲಂ, ಹನ್ನೊಂದನೇ ಕಾಲಂ ಅಂತ ಸೀನಿಯರ್ ಹೇಳಿದಾಗ ಕಣ್ಣು ಬಿಡುವಂತಾಗಬಾರದು.

ನೋಂದಣಿ: ಕರಿಕೋಟಿಗೆ ಮುಂಚಿನ ಕಾಗದ

ಅಂತಿಮ ಫಲಿತಾಂಶ ಬಂದು ಪ್ರಾವಿಷನಲ್ ಸರ್ಟಿಫಿಕೇಟ್ ಸಿಕ್ಕ ಕೂಡಲೇ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಅರ್ಜಿ ಹಾಕಬೇಕು. ಕಚೇರಿ ಬೆಂಗಳೂರಿನ ಡಾ. ಅಂಬೇಡ್ಕರ್ ವೀಧಿಯಲ್ಲಿದೆ. ಇದನ್ನೂ ಊರಿನ ವಕೀಲರ ಸಂಘವನ್ನೂ ಒಂದೇ ಎಂದುಕೊಳ್ಳಬೇಡಿ. ಪರಿಷತ್ತು ಕಾನೂನಿನಿಂದ ಹುಟ್ಟಿದ್ದು, ಸನ್ನದು, ಅಂದರೆ ವಕೀಲರಾಗಿ ನೋಂದಾಯಿಸಿದ ಪ್ರಮಾಣಪತ್ರ, ಕೊಡುವುದು ಅದು. ಸಂಘ ನಿಮ್ಮ ಊರಿನ ಕೋರ್ಟಿನ ವಕೀಲರು ಕಟ್ಟಿಕೊಂಡದ್ದು, ಅದರ ಸದಸ್ಯತ್ವ ಆಮೇಲೆ ಪಡೆದರಾಯಿತು.

ಕಾಗದಗಳು: ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಎಲ್‌ಬಿಯ ಕೊನೆ ಸೆಮಿಸ್ಟರ್‌ವರೆಗಿನ ಎಲ್ಲ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಫೋಟೋ, ಜಾತಿ ಪ್ರಮಾಣಪತ್ರ ಬೇಕಾದವರಿಗೆ ಅದು, ನಡತೆ ಬಗ್ಗೆ ವಕೀಲರು ಕೊಡುವ ಪತ್ರ, ಅಫಿಡವಿಟ್‌ಗಳು. ಹೊಸ ಪಟ್ಟಿಯನ್ನು ಪರಿಷತ್ತಿನ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಹೊರಡಿ, ಆಗಾಗ ಬದಲಾಗುತ್ತದೆ.

ಹೆಚ್ಚು ಅರ್ಜಿ ನಿಲ್ಲುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ‘ಮಂಜುನಾಥ ಕೆ’, ಆಧಾರಿನಲ್ಲಿ ‘ಕೆ. ಮಂಜುನಾಥ್’, ಡಿಗ್ರಿಯಲ್ಲಿ ‘ಮಂಜುನಾಥ ಕೃಷ್ಣಪ್ಪ’. ಮೂರೂ ನೀವೇ ಎಂದು ನಿಮಗೆ ಗೊತ್ತು, ಗುಮಾಸ್ತರಿಗೆ ಹೇಗೆ ಗೊತ್ತಾಗಬೇಕು? ಕಾಲೇಜಿನ ಎರಡನೇ ವರ್ಷದಲ್ಲೇ ಕೂತು ಎಲ್ಲ ಕಾಗದ ಒಂದೆಡೆ ಹರಡಿ ನೋಡಿ. ತಿದ್ದಿಸಬೇಕಾದ್ದನ್ನು ಆಗಲೇ ತಿದ್ದಿಸಿ. ಓದಿನ ಮಧ್ಯೆ ವರ್ಷಗಳು ಖಾಲಿ ಬಿದ್ದಿದ್ದರೆ ಆ ಅವಧಿಯಲ್ಲಿ ಏನು ಮಾಡುತ್ತಿದ್ದಿರಿ ಎಂದು ಹೇಳಲು ತಯಾರಿರಿ. ಕೆಲಸದಲ್ಲಿದ್ದರೆ ಬಿಡುಗಡೆ ಆದೇಶ ಬೇಕು.

ಇನ್ನು ಫೀಸು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಗೌರವ್ ಕುಮಾರ್ ಪ್ರಕರಣದಲ್ಲಿ ದೊಡ್ಡ ತೀರ್ಪು ಕೊಟ್ಟಿತು. ಅದಕ್ಕೆ ಮುಂಚೆ ಬೇರೆ ಬೇರೆ ರಾಜ್ಯಗಳ ಪರಿಷತ್ತುಗಳು 15 ಸಾವಿರದಿಂದ 40 ಸಾವಿರದವರೆಗೂ ವಸೂಲಿ ಮಾಡುತ್ತಿದ್ದವು. ಕಾಯ್ದೆಯಲ್ಲಿ ಬರೆದಷ್ಟೇ ತೆಗೆದುಕೊಳ್ಳಿ ಎಂದು ಕೋರ್ಟ್ ಹೇಳಿತು. ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ 125 ರೂಪಾಯಿ. ಜೊತೆಗೆ ಸ್ಟಾಂಪ್ ಶುಲ್ಕ ಇದ್ದರೆ ಅಷ್ಟು. ಆಮೇಲೆ ‘ಐಚ್ಛಿಕ’ ಅನ್ನುವ ಹೆಸರಿನಲ್ಲಿ ಬೇರೆ ದುಡ್ಡು ಕೇಳುವ ವಿಷಯ ಕರ್ನಾಟಕದ್ದೇ ಒಂದು ಅರ್ಜಿಯಲ್ಲಿ ಮತ್ತೆ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಆಗಸ್ಟ್‌ನಲ್ಲಿ ಐಚ್ಛಿಕ ಅನ್ನುವುದೇ ಇಲ್ಲ ಎಂದು ಕೋರ್ಟ್ ಸ್ಪಷ್ಟ ಮಾಡಿತು. ಗುರುತಿನ ಚೀಟಿ, ಕಲ್ಯಾಣ ನಿಧಿ ಮುಂತಾದವಕ್ಕೆ ಯಾವುದಕ್ಕೆ ಕಟ್ಟುತ್ತಿದ್ದೀರಿ ಎಂದು ಕೇಳಿ, ರಸೀದಿ ಇಟ್ಟುಕೊಳ್ಳಿ. ವಕೀಲರಾಗಲು ಹೊರಟವರು ರಸೀದಿ ಕೇಳಲು ನಾಚಿಕೊಂಡರೆ ಹೇಗೆ, ಅಲ್ವಾ?

ಒಂದು ರಾಜ್ಯದ ಪಟ್ಟಿಯಲ್ಲಿ ಮಾತ್ರ ಹೆಸರಿರಬಹುದು. ಮುಂಬೈಯಲ್ಲೋ ಹೈದರಾಬಾದಿನಲ್ಲೋ ನೆಲೆಸಿ ಅಲ್ಲೇ ವಕೀಲಿಕೆ ಮಾಡುವ ಕನ್ನಡಿಗರು ಅಲ್ಲಿನ ಪರಿಷತ್ತಿನಲ್ಲೇ ನೋಂದಾಯಿಸಿ. ಮುಂದೆ ಊರಿಗೆ ಬಂದರೆ ವಕೀಲರ ಕಾಯ್ದೆಯ 18ನೇ ಕಲಮಿನಡಿ ಹೆಸರು ವರ್ಗಾಯಿಸಿಕೊಳ್ಳಬಹುದು. ಹಾಗೆ ನೋಡಿದರೆ ಅದೇ ಕಾಯ್ದೆಯ 30ನೇ ಕಲಂ 2011ರ ಜೂನ್‌ನಲ್ಲಿ ಜಾರಿಗೆ ಬಂದಮೇಲೆ ದೇಶದ ಯಾವ ಕೋರ್ಟಿನಲ್ಲಾದರೂ ವಾದಿಸುವ ಹಕ್ಕು ವಕೀಲರಿಗಿದೆ. ಲಂಡನ್ನಿನಲ್ಲೋ ಬೇರೆ ಕಡೆಯೋ ಕಾನೂನು ಓದಿ ಬಂದ ಭಾರತೀಯರಿಗೆ ಪದವಿಗೆ ಮಾನ್ಯತೆ ಇರಬೇಕು, ಜೊತೆಗೆ ಭಾರತೀಯ ವಕೀಲರ ಪರಿಷತ್ತಿನ ಅರ್ಹತಾ ಪರೀಕ್ಷೆಯನ್ನೂ ಪಾಸು ಮಾಡಬೇಕು.

ಅಖಿಲ ಭಾರತ ವಕೀಲರ ಪರೀಕ್ಷೆ

ಎಲ್ಲರೂ ಎಐಬಿಇ ಅಂತಾರೆ. 2010ರಲ್ಲಿ ತಂದ ನಿಯಮ, ಮೊದಲ ಪರೀಕ್ಷೆ ನಡೆದದ್ದು 2011ರಲ್ಲಿ. ಇದು ಸರಿಯೋ ತಪ್ಪೋ ಎಂಬ ಜಗಳ ವರ್ಷಗಟ್ಟಲೆ ನಡೆದು, 2023ರ ಫೆಬ್ರವರಿ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಪರೀಕ್ಷೆ ನಡೆಸುವ ಅಧಿಕಾರ ಭಾರತೀಯ ವಕೀಲರ ಪರಿಷತ್ತಿಗೆ ಇದೆ ಎಂದಿತು. ನೋಂದಣಿ ಆದಮೇಲೆ ಎರಡು ವರ್ಷದೊಳಗೆ ಪಾಸಾಗಬೇಕು. ಪಾಸಾದಮೇಲೆ ವೃತ್ತಿ ಪ್ರಮಾಣಪತ್ರ ಬರುತ್ತದೆ. ಈಚೆಗೆ ಅಂತಿಮ ಸೆಮಿಸ್ಟರ್ ವಿದ್ಯಾರ್ಥಿಗಳಿಗೂ ಬರೆಯಲು ಬಿಡುತ್ತಿದ್ದಾರೆ. ಅವಕಾಶ ಸಿಕ್ಕರೆ ಓದು ಬಿಸಿ ಇರುವಾಗಲೇ ಮುಗಿಸಿಬಿಡಿ.

ಪರೀಕ್ಷೆಯ ಸ್ವರೂಪ ಸರಳ. 100 ಬಹು ಆಯ್ಕೆ ಪ್ರಶ್ನೆ, ಮೂರೂವರೆ ಗಂಟೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ಮತ್ತು ಹಿಂದುಳಿದ ವರ್ಗಕ್ಕೆ ಶೇ. 45, ಪರಿಶಿಷ್ಟರಿಗೆ ಶೇ. 40 ಬಂದರೆ ಪಾಸು. ಕನ್ನಡದಲ್ಲೂ ಬರೆಯಬಹುದು. ಟಿಪ್ಪಣಿ ಇಲ್ಲದ ಬರೀ ಕಾಯ್ದೆ ಪುಸ್ತಕ, ಅಂದರೆ ಬೇರ್ ಆಕ್ಟ್, ಒಳಗೆ ಒಯ್ಯಬಹುದು. ಪುಸ್ತಕ ಇದೆಯಲ್ಲ ಅಂತ ಓದದೆ ಹೋದವರೇ ಫೇಲಾಗುವುದು. ನೂರು ಪ್ರಶ್ನೆಗೂ ಪುಟ ತಿರುವುತ್ತಾ ಕೂತರೆ ಸಮಯ ಸಾಲುವುದಿಲ್ಲ.

ಅಂಕಗಳ ಹಂಚಿಕೆ ನೋಡಿ ಓದಿದರೆ ಕೆಲಸ ಅರ್ಧ ಹಗುರ. ಸಂವಿಧಾನ, ಸಿವಿಲ್ ಪ್ರಕ್ರಿಯೆ, ನಾಗರಿಕ ಸುರಕ್ಷಾ ಸಂಹಿತೆ ತಲಾ 10. ನ್ಯಾಯ ಸಂಹಿತೆ, ಸಾಕ್ಷ್ಯ ಅಧಿನಿಯಮ, ಕುಟುಂಬ ಕಾನೂನು ತಲಾ 8. ಕರಾರು, ಆಸ್ತಿ, ಚೆಕ್ಕು ಇತ್ಯಾದಿ ಸೇರಿ ಇನ್ನೊಂದು 8. ಇಲ್ಲಿಗೇ 62 ಆಯಿತು. ಕಂಪನಿ, ಪರಿಸರ, ಸೈಬರ್, ಭೂಸ್ವಾಧೀನ, ಬೌದ್ಧಿಕ ಆಸ್ತಿ ಇವಕ್ಕೆ ತಲಾ ಎರಡೇ. 62 ಅಂಕ ತರುವ ಆ ಮೊದಲ ಏಳು ವಿಷಯಗಳ ಕಾಯ್ದೆ ಪುಸ್ತಕದಲ್ಲಿ ಯಾವ ಕಲಂ ಎಲ್ಲಿದೆ ಎಂದು ಕೈಗೆ ಅಭ್ಯಾಸವಾದರೆ ಸಾಕು. ಕೋಚಿಂಗಿಗೆ ದುಡ್ಡು ಸುರಿಯಬೇಕಾಗಿಲ್ಲ. ಹಳೆ ಪ್ರಶ್ನೆಪತ್ರಿಕೆ ಗಡಿಯಾರ ಇಟ್ಟುಕೊಂಡು ಬಿಡಿಸಿ.

ಸೀನಿಯರ್ ಆಫೀಸು

ನಿಜವಾದ ಕಾಲೇಜು ಇಲ್ಲಿ ಶುರು. ಕಾನೂನಿನ ಪ್ರಕಾರ ಸನ್ನದು ಸಿಕ್ಕ ಮರುದಿನವೇ ಸ್ವಂತ ಬೋರ್ಡ್ ಹಾಕಬಹುದು. ಸೀನಿಯರ್ ಕಡ್ಡಾಯ ಎಂದು ಎಲ್ಲೂ ಬರೆದಿಲ್ಲ. ಆದರೂ ಹಾಗೆ ಮಾಡಬೇಡಿ. ಇನ್ನೊಬ್ಬರ ಜಮೀನಿನ ಮೇಲೆ ಪ್ರಯೋಗ ಮಾಡಿ ಕಲಿಯುವುದು ಸರಿಯಲ್ಲ.

ಸೀನಿಯರ್ ಆರಿಸುವಾಗ ದೊಡ್ಡ ಹೆಸರು ನೋಡಬೇಡಿ, ಅವರ ಆಫೀಸಿನಲ್ಲಿ ಕೇಸು ಎಂಥವು ಬರುತ್ತವೆ ನೋಡಿ. ಸಿವಿಲ್, ಕ್ರಿಮಿನಲ್ ಎರಡೂ ಇದ್ದರೆ ಒಳ್ಳೆಯದು. ಅವರ ಹಳೆ ಜೂನಿಯರ್‌ಗಳು ಈಗ ಎಲ್ಲಿದ್ದಾರೆ ವಿಚಾರಿಸಿ. ಸ್ವಂತ ಆಫೀಸು ಮಾಡಿಕೊಂಡು ಇವತ್ತಿಗೂ ಸೀನಿಯರ್ ಎದುರು ಬಂದರೆ ನಿಂತು ಮಾತಾಡಿಸುತ್ತಾರೆ ಅಂದರೆ ಆ ಆಫೀಸು ಸೇರಬಹುದು. ನಾಲ್ಕೈದು ವರ್ಷವಾದರೂ ಬರೀ ಫೈಲು ಹೊರುತ್ತಿದ್ದಾರೆ ಅಂದರೆ ಬೇರೆ ಕಡೆ ನೋಡಿ.

ದುಡ್ಡಿನ ಮಾತು ಮೊದಲ ದಿನವೇ ಗೌರವದಿಂದ ಕೇಳಿ: ‘ಸಾರ್, ನನ್ನ ಖರ್ಚಿಗೆ ಏನಾದರೂ ವ್ಯವಸ್ಥೆ ಆಗುತ್ತದೆಯೇ?’ 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡುವುದು ಒಳ್ಳೆಯದು ಎಂದು ಸುತ್ತೋಲೆ ಹೊರಡಿಸಿದೆ. ಅದು ಸಲಹೆ ಅಷ್ಟೇ, ಕಡ್ಡಾಯವಲ್ಲ. ತಾಲ್ಲೂಕುಗಳಲ್ಲಿ ಅದರ ಅರ್ಧವೂ ಸಿಗದ ಆಫೀಸುಗಳು ಬೇಕಾದಷ್ಟಿವೆ. ಹಾಗಾಗಿ ಎಲ್ಎಲ್‌ಬಿ ಕೊನೆ ವರ್ಷದಲ್ಲೇ ಮನೆಯಲ್ಲಿ ಕೂತು ಮಾತಾಡಿ, ಮುಂದಿನ ಎರಡು ವರ್ಷ ಊಟ, ಬಸ್ಸು, ರೂಮಿನ ಬಾಡಿಗೆ ಎಲ್ಲಿಂದ ಬರುತ್ತದೆ ಅಂತ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಹೊಸ ಕಾನೂನು ಪದವೀಧರರಿಗೆ ರಾಜ್ಯ ಸರ್ಕಾರದ ಇಲಾಖೆಗಳಿಂದ ವೃತ್ತಿ ತರಬೇತಿಯ ಅವಧಿಗೆ ಮಾಸಿಕ ಶಿಷ್ಯವೇತನ ಇದೆ. ಜಿಲ್ಲಾ ಕಚೇರಿಯಲ್ಲಿ ಅರ್ಜಿ ಕರೆದಾಗ ತಪ್ಪಿಸಿಕೊಳ್ಳಬೇಡಿ. ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ.

ಇನ್ನೊಂದು ಕೆಲಸ ಮಾಡಿಕೊಂಡು ವಕೀಲಿಕೆ ಮಾಡಬಹುದೇ? ಇಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮ 49ರ ಪ್ರಕಾರ ವಕೀಲರು ಪೂರ್ಣಾವಧಿ ಸಂಬಳದ ನೌಕರರಾಗಿರುವಂತಿಲ್ಲ. ನಿಯಮ 47ರಂತೆ ಸ್ವತಃ ವ್ಯಾಪಾರ ನಡೆಸುವಂತಿಲ್ಲ. ಮುಂದೆ ಕೆಲಸ ಸಿಕ್ಕಿದರೆ ಪರಿಷತ್ತಿಗೆ ತಿಳಿಸಿ ಸನ್ನದನ್ನು ಅಮಾನತಿನಲ್ಲಿಡಬೇಕು. ಪುಸ್ತಕ ಬರೆಯುವುದು, ಕಾನೂನು ಪಾಠ ಹೇಳುವುದು ಇಂಥವಕ್ಕೆ ಅವಕಾಶ ಇದೆ. ಜಾಹೀರಾತಿಗೂ ನಿಯಮ 36 ಅಡ್ಡ ಇದೆ. ‘ನೂರಕ್ಕೆ ನೂರು ಜಾಮೀನು ಗ್ಯಾರಂಟಿ’ ಅಂತ ರೀಲ್ಸ್ ಹಾಕುವವರನ್ನು ನೋಡಿ ನೀವೂ ಹಾಕಲು ಹೋಗಬೇಡಿ.

ಮೊದಲ ತಿಂಗಳುಗಳ ಕೆಲಸ

ಬೆಳಿಗ್ಗೆ ಕಾಜ್ ಲಿಸ್ಟ್ (ಆ ದಿನದ ಕೇಸುಗಳ ಪಟ್ಟಿ) ನೋಡಿ ಯಾವ ಕೋರ್ಟ್ ಹಾಲಿನಲ್ಲಿ ಯಾವ ಕೇಸು ಎಂದು ಡೈರಿಯಲ್ಲಿ ಗುರುತು ಹಾಕುವುದು. ಕೇಸು ಕೂಗಿದಾಗ ಸೀನಿಯರ್ ಬೇರೆ ಹಾಲಿನಲ್ಲಿದ್ದರೆ ಎದ್ದು ನಿಂತು ಪಾಸ್ ಓವರ್, ಅಂದರೆ ಸ್ವಲ್ಪ ಹೊತ್ತು ಬಿಟ್ಟು ಕೂಗಿಸಿ ಎಂದು, ಕೇಳುವುದು. ಮುಂದಿನ ತಾರೀಕು ಬರೆದುಕೊಳ್ಳುವುದು. ತಾರೀಕು ತಪ್ಪಾಗಿ ಬರೆದುಕೊಂಡರೆ ಕಕ್ಷಿದಾರರ ಗೈರುಹಾಜರಿಯಲ್ಲಿ ವಾರಂಟೋ, ಏಕಪಕ್ಷೀಯ ಆದೇಶವೋ ಆಗಿ ಕೂರುತ್ತದೆ. ಸಂಜೆ ಇಕೋರ್ಟ್ಸ್ ಆಪ್‌ನಲ್ಲಿ ಪ್ರತಿ ಕೇಸಿನ ತಾರೀಕು ಮತ್ತೊಮ್ಮೆ ತಾಳೆ ನೋಡಿ.

ಬೆಂಚ್ ಕ್ಲರ್ಕ್, ಶಿರಸ್ತೇದಾರರು, ನಕಲು ವಿಭಾಗದವರು, ಅಮೀನರು, ನಿಮ್ಮ ಆಫೀಸಿನ ಹಳೆ ಗುಮಾಸ್ತರು, ಇವರನ್ನೆಲ್ಲ ಗೌರವದಿಂದ ಮಾತಾಡಿಸಿ. ವಕಾಲತ್ತಿಗೆ (ಕಕ್ಷಿದಾರರು ವಕೀಲರನ್ನು ನೇಮಿಸಿ ಕೊಡುವ ಪತ್ರ) ಯಾವ ಸ್ಟಾಂಪ್ ಅಂಟಿಸಬೇಕು, ದೃಢೀಕೃತ ನಕಲಿಗೆ ಹೇಗೆ ಅರ್ಜಿ ಹಾಕಬೇಕು, ಆಕ್ಷೇಪಣೆ ಬಂದ ಫೈಲು ಹೇಗೆ ಸರಿಮಾಡಬೇಕು ಎಂಬುದು ಗುಮಾಸ್ತರಿಗೆ ತಿಳಿದಷ್ಟು ಪುಸ್ತಕಕ್ಕೆ ತಿಳಿಯದು.

ಉಡುಪು ಬಿಳಿ ಶರ್ಟು, ಕರಿಕೋಟು, ಬಿಳಿ ಬ್ಯಾಂಡು. ಗೌನು ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನಲ್ಲಿ ಕಡ್ಡಾಯ. ಬೇಸಿಗೆಯಲ್ಲಿ ಕೆಳಗಿನ ಕೋರ್ಟುಗಳಲ್ಲಿ ಕರಿಕೋಟಿಗೆ ವಿನಾಯಿತಿ ಇದೆ, ಕಲಬುರಗಿ ರಾಯಚೂರಿನವರಿಗೆ ಇದರ ಬೆಲೆ ಗೊತ್ತು. ಬ್ಯಾಂಡು ಹಾಕಿಕೊಂಡು ಪೇಟೆ ಸುತ್ತಬಾರದು, ಅದೂ ನಿಯಮದಲ್ಲೇ ಇದೆ.

ಬರೆಯಲು ಕಲಿಯುವುದಾದರೆ ಚೆಕ್ ಬೌನ್ಸ್ ಕೇಸಿನಿಂದ ಶುರು ಮಾಡಿ. ಚಿಕ್ಕದು, ಆದರೆ ಕಾಲಮಿತಿಯ ಪಾಠ ಪೂರ್ತಿ ಅದರಲ್ಲಿದೆ. ಚೆಕ್ಕು ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸು. ನೋಟಿಸು ತಲುಪಿದಮೇಲೆ ದುಡ್ಡು ಕೊಡಲು 15 ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು. ಯಾವುದೇ ಫೈಲು ಕೈಗೆ ಬಂದರೂ ಕಾಲಮಿತಿ ಎಣಿಸುವ ಅಭ್ಯಾಸ ಇದರಿಂದ ಬರುತ್ತದೆ. ಆಮೇಲೆ ನಿರ್ಬಂಧಕಾಜ್ಞೆಯ ದಾವೆ ಬರೆಯಿರಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶ ಎದುರಿಗಿಟ್ಟುಕೊಂಡು ದಾವಾಪತ್ರ, 39ನೇ ಆದೇಶದಡಿ ಮಧ್ಯಂತರ ಅರ್ಜಿ. ಎದುರಿನವರ ಪರ ಇದ್ದರೆ 8ನೇ ಆದೇಶದ ಪ್ರಕಾರ ಸಮನ್ಸ್ ಜಾರಿಯಾದ 30 ದಿನದಲ್ಲಿ ಪ್ರತಿವಾದ ಪತ್ರ, ಕಾರಣ ಕೊಟ್ಟರೆ 90 ದಿನದವರೆಗೆ. ಕೋರ್ಟ್ ಶುಲ್ಕಕ್ಕೆ 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವೆಗಳ ಮೌಲ್ಯಮಾಪನ ಕಾಯ್ದೆ. ಸೀನಿಯರ್ ನಿಮ್ಮ ಕರಡನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕುತ್ತಾರೆ. ಆ ಹಾಳೆ ಎಸೆಯಬೇಡಿ, ಮುಂದಿನ ಕರಡಿನ ಪಕ್ಕ ಇಟ್ಟುಕೊಂಡು ಬರೆಯಿರಿ.

ಮೂರು ವರ್ಷ ಆದಮೇಲೆ

ಈ ಹೊತ್ತಿಗೆ ಕೆಲವು ಬಾಗಿಲು ತೆರೆಯುತ್ತವೆ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಸಿವಿಲ್ ನ್ಯಾಯಾಧೀಶರ ನೇಮಕಕ್ಕೆ ಮೂರು ವರ್ಷದ ವಕೀಲಿಕೆ ಬೇಕು ಎಂಬ ಷರತ್ತನ್ನು ಮತ್ತೆ ತಂದಿತು. ಅವಧಿಯನ್ನು ಎಣಿಸುವುದು ತಾತ್ಕಾಲಿಕ ನೋಂದಣಿಯ, ಅಂದರೆ ಎಐಬಿಇಗೆ ಮುಂಚೆ ರಾಜ್ಯ ಪರಿಷತ್ತಿನಲ್ಲಿ ಹೆಸರು ದಾಖಲಾದ, ದಿನದಿಂದ. ಎಐಬಿಇ ಪಾಸಾದ ದಿನದಿಂದ ಅಲ್ಲ. ಪದವಿ ಮುಗಿಸಿ ನೋಂದಣಿಗೆ ಆರು ತಿಂಗಳು ಸುಮ್ನೆ ಕಾದರೆ ಆ ಆರು ತಿಂಗಳು ಇಲ್ಲಿ ಕಡಿಮೆ ಬೀಳುತ್ತದೆ. ನ್ಯಾಯಾಧೀಶರಾಗುವ ಆಸೆಯಿದ್ದರೆ ಪ್ರತಿ ಅಧಿಸೂಚನೆಯ ಷರತ್ತನ್ನು ಪೂರ್ತಿ ಓದಿ.

ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲರಾಗಲೂ ಮೂರು ವರ್ಷದ ಅನುಭವ ಕೇಳುತ್ತಾರೆ. ಬಡವರ ಕೇಸು ಸಿಗುತ್ತದೆ, ಸ್ವಂತವಾಗಿ ಸಾಕ್ಷಿ ವಿಚಾರಣೆ ಮಾಡುವ ಅವಕಾಶ ಸಿಗುತ್ತದೆ. ಏಳು ವರ್ಷ ಆದವರು ನೇರ ಜಿಲ್ಲಾ ನ್ಯಾಯಾಧೀಶರ ಹುದ್ದೆಗೂ ಅರ್ಜಿ ಹಾಕಬಹುದು. ನೋಟರಿಗೆ ಹತ್ತು ವರ್ಷ ಬೇಕು, ಮಹಿಳೆಯರಿಗೆ, ಪರಿಶಿಷ್ಟರಿಗೆ ಮತ್ತು ಹಿಂದುಳಿದ ವರ್ಗದವರಿಗೆ ಏಳು. ಸುಪ್ರೀಂ ಕೋರ್ಟಿನಲ್ಲಿ ಅಡ್ವೊಕೇಟ್ ಆನ್ ರೆಕಾರ್ಡ್ (ಅಲ್ಲಿ ಕಕ್ಷಿದಾರರ ಪರ ಕೇಸು ದಾಖಲಿಸುವ ವಕೀಲರು) ಆಗಬೇಕೆಂದರೆ ನಾಲ್ಕು ವರ್ಷದ ವಕೀಲಿಕೆ, ಒಂದು ವರ್ಷದ ತರಬೇತಿ, ಮೇಲೊಂದು ಪರೀಕ್ಷೆ. ಹೈಕೋರ್ಟಿಗೆ ಹೋಗಬೇಕೆನ್ನುವವರು ಬೆಂಗಳೂರಿಗೇ ಬರಬೇಕಾಗಿಲ್ಲ, 2013ರಿಂದ ಧಾರವಾಡ, ಕಲಬುರಗಿಯಲ್ಲಿ ಕಾಯಂ ಪೀಠಗಳಿವೆ.

ಇವುಗಳಲ್ಲಿ ಬಹುತೇಕ ಕಡೆ ನೀವು ನಿಜವಾಗಿ ವಕೀಲಿಕೆ ಮಾಡಿದ್ದೀರಿ ಎಂಬುದಕ್ಕೆ ಪುರಾವೆ ಕೇಳುತ್ತಾರೆ. ಸೀನಿಯರ್ ಹೆಸರಿನ ಜೊತೆ ನಿಮ್ಮ ಹೆಸರೂ ವಕಾಲತ್ತಿನಲ್ಲಿ ಬರುವಂತೆ ಮೊದಲ ತಿಂಗಳಿಂದಲೇ ಕೇಳಿಕೊಳ್ಳಿ. ನಿಮ್ಮ ಹಾಜರಿ ದಾಖಲಾದ ಆದೇಶಗಳ ನಕಲನ್ನು ವರ್ಷವಾರು ಒಂದು ಫೈಲಿನಲ್ಲಿ ಇಡಿ, ಡೈರಿಗಳನ್ನು ರದ್ದಿಗೆ ಹಾಕಬೇಡಿ.